14 ಮಕ್ಕಳ ತರಗತಿಯಲ್ಲಿ ಶೇ 43 ಅಂದರೆ ಎಷ್ಟು?

ಪ್ರಶ್ನೆ: ನಾವು ಈಗ ನ್ಯೂಜೆರ್ಸಿಯಲ್ಲಿದ್ದೇವೆ. ನನ್ನ ಹೆಂಡತಿ ಡಾಕ್ಟರ್, ರೆಸಿಡೆನ್ಸಿ ಮುಗಿಯುತ್ತಾ ಬಂದಿದೆ. ಜೆ-1 ವೀಸಾದವರು ತಾಯ್ನಾಡಿಗೆ ಮರಳಬೇಕೆಂಬ ಷರತ್ತಿನಿಂದ ಸಿಗುವ ವಿನಾಯಿತಿ, ಅಂದರೆ ಜೆ-1 ವೇವರ್ ಮೇಲೆ ಕೆಲಸ ಸಿಕ್ಕಿರುವುದು ನೆಬ್ರಾಸ್ಕಾದ ಒಂದು ಪುಟ್ಟ ಊರಿನ ಆಸ್ಪತ್ರೆಯಲ್ಲಿ. ಮೂರು ವರ್ಷ ಅಲ್ಲೇ ಇರಬೇಕು. ಮಗಳು 4ನೇ ತರಗತಿಗೆ, ಮಗ 8ನೇ ತರಗತಿಗೆ ಸೇರಬೇಕು. ಊರಿನ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯಾದ ಅಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಒಂದೊಂದು ತರಗತಿಗೆ 14 ಮಕ್ಕಳಷ್ಟೇ. ರಾಜ್ಯದ ವೆಬ್‌ಸೈಟ್ ನೋಡಿದೆ. 3ನೇ ತರಗತಿಯ ಗಣಿತ ಪರೀಕ್ಷೆಯಲ್ಲಿ ಆಚೆ ವರ್ಷ ಶೇ 71 ಮಕ್ಕಳು ನಿಗದಿತ ಮಟ್ಟ ಮುಟ್ಟಿದ್ದರು. ಹೋದ ವರ್ಷ ಶೇ 43. ಮನೆ ಹುಡುಕುವ ವೆಬ್‌ಸೈಟಿನಲ್ಲಿ ಈ ಶಾಲೆಗೆ 10ಕ್ಕೆ 4 ಅಂತಿದೆ, ನಮ್ಮ ಈಗಿನ ಶಾಲೆಗೆ 9. ಒಂದೇ ವರ್ಷದಲ್ಲಿ ಇಷ್ಟು ಕುಸಿದಿದೆ ಅಂದರೆ ಅಲ್ಲಿ ಏನೋ ಕೆಟ್ಟಿದೆ ಅಲ್ವಾ? ಹೆಂಡತಿ ಒಬ್ಬಳೇ ಹೋಗಿ, ನಾನು ಮಕ್ಕಳ ಜೊತೆ ಇಲ್ಲೇ ಉಳಿಯಬೇಕೇ ಎಂದು ಯೋಚಿಸುತ್ತಿದ್ದೇವೆ.

ಉತ್ತರ: ಮೊದಲು ಶೇಕಡಾ ಲೆಕ್ಕವನ್ನು ಪಕ್ಕಕ್ಕಿಟ್ಟು ತಲೆ ಎಣಿಸೋಣ. 14 ಮಕ್ಕಳಲ್ಲಿ ಶೇ 71 ಅಂದರೆ 10 ಮಕ್ಕಳು. ಶೇ 43 ಅಂದರೆ 6 ಮಕ್ಕಳು. ನಿಮ್ಮ ನಿದ್ದೆ ಕೆಡಿಸಿರುವುದು ನಾಲ್ಕು ಮಕ್ಕಳ ವ್ಯತ್ಯಾಸ. ಅದೂ ಒಂದೇ ಗುಂಪಿನ ಮಕ್ಕಳಲ್ಲ. ಆಚೆ ವರ್ಷ 3ನೇ ತರಗತಿಯಲ್ಲಿದ್ದವರು ಹೋದ ವರ್ಷ 4ಕ್ಕೆ ಹೋದರು. ಅವರ ಜಾಗಕ್ಕೆ ಬೇರೆ 14 ಮಕ್ಕಳು ಬಂದರು. ಮೊದಲು ಚೆನ್ನಾಗಿ ಮಾಡುತ್ತಿದ್ದವರು ಆಮೇಲೆ ಹಿಂದೆ ಬಿದ್ದರು ಎಂದು ಈ ಅಂಕಿಯಲ್ಲಿ ಎಲ್ಲೂ ಇಲ್ಲ.

ಚುಟುಕಾಗಿ ನನ್ನ ಅಭಿಪ್ರಾಯ ಇದು: ಈ ಒಂದು ಅಂಕಿ ನೋಡಿ ಸಂಸಾರವನ್ನು ಎರಡು ಊರಿಗೆ ಹಂಚಬೇಡಿ. ಮಗಳ ಬಗ್ಗೆ ನಿಮಗಿರುವ ಭಯಕ್ಕೆ ಆಧಾರ ತೀರಾ ಕಡಿಮೆ. ಮಗನ ವಿಷಯದಲ್ಲಿ ಮಾತ್ರ ನೀವು ಕೇಳದೇ ಬಿಟ್ಟ ಪ್ರಶ್ನೆಗಳಿವೆ. ಅವು ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಲೆಕ್ಕ ಮಾಡಿ ನೋಡೋಣ. ಆ ಶಾಲೆಯಲ್ಲಿ ಏನೂ ಬದಲಾಗಿಲ್ಲ ಅಂದುಕೊಳ್ಳಿ. ಅದೇ ಟೀಚರ್, ಅದೇ ಪುಸ್ತಕ, ಅದೇ ಪಾಠ. ಒಂದು ಮಗು ಪಾಸಿನ ಗೆರೆ ದಾಟುವ ಸಾಧ್ಯತೆ ಪ್ರತಿ ವರ್ಷವೂ ಶೇ 60 ಅಂತಿಟ್ಟುಕೊಳ್ಳಿ. 14 ಮಕ್ಕಳಲ್ಲಿ ಸರಾಸರಿ ಎಂಟು ಚಿಲ್ಲರೆ ಮಕ್ಕಳು ದಾಟಬೇಕು. ಆದರೆ ಪ್ರತಿ ವರ್ಷ ಸರಿಯಾಗಿ ಎಂಟೇ ಮಕ್ಕಳು ದಾಟುವುದಿಲ್ಲ. ಯಾವ ವರ್ಷ ಯಾವ ಮಕ್ಕಳು ಬಂದರು ಅನ್ನುವ ಒಂದೇ ಕಾರಣಕ್ಕೆ ಈ ಅಂಕಿ ಸುಮಾರು 13 ಶೇಕಡಾ ಅಂಶದಷ್ಟು ಆಚೀಚೆ ಓಲಾಡುತ್ತದೆ. ಸಂಖ್ಯಾಶಾಸ್ತ್ರದವರು ಇದನ್ನು ಸ್ಟ್ಯಾಂಡರ್ಡ್ ಎರರ್ ಅನ್ನುತ್ತಾರೆ. ಒಂದು ವರ್ಷದಿಂದ ಇನ್ನೊಂದನ್ನು ಕಳೆದಾಗ ಎರಡೂ ವರ್ಷದ ಓಲಾಟ ಸೇರಿಕೊಂಡು 18 ಅಂಶ ದಾಟುತ್ತದೆ. ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳ ಏರುಪೇರು, ಮೇಲಕ್ಕಾಗಲಿ ಕೆಳಕ್ಕಾಗಲಿ, ಸುಮಾರು ಆರರಲ್ಲಿ ಒಂದು ಸಲ ಸುಮ್ಮಸುಮ್ಮನೆ ಬರುತ್ತದೆ.

ಈಗ ಇದನ್ನೇ ಇಡೀ ಡಿಸ್ಟ್ರಿಕ್ಟ್‌ಗೆ ಹರಡಿ. 3ರಿಂದ 8ರವರೆಗೆ ಆರು ತರಗತಿ. ಓದು ಮತ್ತು ಗಣಿತ, ಎರಡು ವಿಷಯ. ಒಟ್ಟು 12 ಅಂಕಿ. ಆರಕ್ಕೆ ಒಂದರಂತೆ ಲೆಕ್ಕ ಹಾಕಿದರೆ, ಏನೂ ಆಗದ ವರ್ಷದಲ್ಲೂ ಸರಾಸರಿ ಎರಡು ಕಡೆ ಇಂಥ ದೊಡ್ಡ ಜಿಗಿತವೋ ಕುಸಿತವೋ ಕಾಣಬೇಕು. ಊರಿನ ವಾರಪತ್ರಿಕೆಗೆ ವರ್ಷ ವರ್ಷ ಒಂದು ಹೆಡ್‌ಲೈನ್ ಖಾತ್ರಿ. ನಿಮ್ಮ ಕಣ್ಣಿಗೆ ಬಿದ್ದದ್ದು ಆ ಹನ್ನೆರಡರಲ್ಲಿ ಒಂದು. ಉಳಿದ 11 ನೋಡಿದಿರಾ? ಅವುಗಳಲ್ಲಿ ಒಂದೆರಡು ಇಷ್ಟೇ ಜೋರಾಗಿ ಮೇಲಕ್ಕೆ ಹೋಗಿದ್ದರೆ ನನಗೆ ಆಶ್ಚರ್ಯವಿಲ್ಲ.

ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ. ನ್ಯೂಜೆರ್ಸಿಯ ದೊಡ್ಡ ಡಿಸ್ಟ್ರಿಕ್ಟ್‌ಗಳಲ್ಲಿ ಒಂದು ತರಗತಿಗೆ 400 ಮಕ್ಕಳಿರಬಹುದು. ಅಲ್ಲಿ ಇದೇ ಓಲಾಟ ಬರೀ ಎರಡೂವರೆ ಅಂಶ. ಅಲ್ಲಿ 28 ಅಂಶ ಕುಸಿದರೆ ನಿಜಕ್ಕೂ ದೊಡ್ಡ ಅನಾಹುತವೇ ಆಗಿರಬೇಕು. ನಿಮ್ಮ ಕಣ್ಣು ಅಂಥ ಅಂಕಿಗಳಿಗೆ ಪಳಗಿದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ಯಾಕೆಂದರೆ ಪಾತ್ರೆಯಲ್ಲಿ ಎಲ್ಲ ಅಗುಳೂ ಒಂದೇ ಥರ ಬೇಯುತ್ತದೆ. ಮಕ್ಕಳು ಹಾಗಲ್ಲ. 14 ಮಕ್ಕಳಲ್ಲಿ ಇಬ್ಬರಿಗೆ ವಿಶೇಷ ಶಿಕ್ಷಣದ ಯೋಜನೆ ಇರಬಹುದು. ಅಮೆರಿಕದಲ್ಲಿ ಅದನ್ನು ಐಇಪಿ ಅನ್ನುತ್ತಾರೆ. ಇನ್ನೊಬ್ಬ ಜನವರಿಯಲ್ಲಿ ಬೇರೆ ರಾಜ್ಯದಿಂದ ಬಂದವನಿರಬಹುದು. ಪರೀಕ್ಷೆ ನಡೆಯುವ ಚಳಿಗಾಲದ ಕೊನೆ ಮತ್ತು ವಸಂತ, ದನ ಸಾಕುವ ಮನೆಗಳಲ್ಲಿ ಹಸು ಕರು ಹಾಕುವ ಸಮಯ. ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿದ್ದ ಹುಡುಗ ಬೆಳಿಗ್ಗೆ ಭಿನ್ನರಾಶಿ ಲೆಕ್ಕ ಹೇಗೆ ಮಾಡುತ್ತಾನೆ? 400 ಮಕ್ಕಳಿದ್ದ ಕಡೆ ಇವೆಲ್ಲ ಒಂದಕ್ಕೊಂದು ಸರಿದೂಗುತ್ತವೆ. 14 ಮಕ್ಕಳಿದ್ದ ಕಡೆ ಸರಿದೂಗುವುದಿಲ್ಲ.

ಇದು ಬರೀ ನನ್ನ ಊಹೆಯ ಲೆಕ್ಕ ಅಲ್ಲ. ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ನಾರ್ತ್ ಕ್ಯಾರೊಲೈನಾದ ಶಾಲೆಗಳ ಅಂಕಿ ಇಟ್ಟುಕೊಂಡು 2002ರಲ್ಲಿ ಇದನ್ನೇ ತೋರಿಸಿದರು. ಸಣ್ಣ ಶಾಲೆಗಳು ರ‍್ಯಾಂಕ್ ಪಟ್ಟಿಯ ತುದಿಯಲ್ಲೂ ಜಾಸ್ತಿ, ತಳದಲ್ಲೂ ಜಾಸ್ತಿ. ಹೋವರ್ಡ್ ವೇನರ್ ಎಂಬ ಸಂಖ್ಯಾಶಾಸ್ತ್ರಜ್ಞ ಪೆನ್ಸಿಲ್ವೇನಿಯಾದ 1,662 ಶಾಲೆಗಳನ್ನು ನೋಡಿದರು. ಅತಿ ಸಣ್ಣ 50 ಶಾಲೆಗಳು ಅಂದರೆ ಒಟ್ಟಿನ ಶೇ 3. ಆದರೆ ಮೊದಲ 50 ಸ್ಥಾನಗಳಲ್ಲಿ ಅಂಥ ಶಾಲೆಗಳು 6 ಇದ್ದವು, ಅಂದರೆ ಶೇ 12. ಇದನ್ನಷ್ಟೇ ನೋಡಿದರೆ "ಸಣ್ಣ ಶಾಲೆಯೇ ಶ್ರೇಷ್ಠ" ಅನ್ನಿಸುತ್ತದೆ. ಕೊನೆಯ 50ರಲ್ಲಿ ಎಷ್ಟಿದ್ದವು ಗೊತ್ತೇ? 9. ತುದಿಯನ್ನಷ್ಟೇ ನೋಡಿ ಸಣ್ಣ ಹೈಸ್ಕೂಲುಗಳಿಗೆ ದುಡ್ಡು ಸುರಿದವರೂ ಇದ್ದಾರೆ. ಗೇಟ್ಸ್ ಫೌಂಡೇಶನ್ ವರ್ಷಗಟ್ಟಲೆ ಹಾಗೆ ಮಾಡಿತು. ಅವುಗಳಲ್ಲಿ ಅನೇಕ ಶಾಲೆಗಳಲ್ಲಿ ಕಲಿಕೆ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ ಎಂದು 2009ರಲ್ಲಿ ಬಿಲ್ ಗೇಟ್ಸ್ ಅವರೇ ಬರೆದರು.

ಇದರ ಇನ್ನೊಂದು ಮುಖವೂ ಇದೆ. ಈ ವರ್ಷ ಶೇ 43 ಬಂದ ಶಾಲೆಗೆ ಮುಂದಿನ ವರ್ಷ ಅದಕ್ಕಿಂತ ಜಾಸ್ತಿ ಬರುವ ಸಾಧ್ಯತೆಯೇ ಹೆಚ್ಚು, ಯಾರೂ ಏನೂ ಮಾಡದಿದ್ದರೂ. ಕೆಟ್ಟ ವರ್ಷದ ನಂತರ ಸ್ಕೂಲ್ ಬೋರ್ಡ್ ಸಭೆಯಲ್ಲಿ ಗಲಾಟೆ ಆಗುತ್ತದೆ. ಹೊಸ ಸಾಫ್ಟ್‌ವೇರ್ ಕೊಳ್ಳುತ್ತಾರೆ. ಮರುವರ್ಷ ಅಂಕಿ ತಾನಾಗಿಯೇ ಮೇಲೆ ಬರುತ್ತದೆ. ಹೊಗಳಿಕೆ ಸಾಫ್ಟ್‌ವೇರ್‌ಗೆ ಹೋಗುತ್ತದೆ. ಈ ವ್ಯಾಪಾರ ಅಮೆರಿಕದ ಉದ್ದಗಲಕ್ಕೂ ಚೆನ್ನಾಗಿಯೇ ನಡೆಯುತ್ತಿದೆ.

ಈ ಪರೀಕ್ಷೆಗಳು ಹುಟ್ಟಿದ್ದೇ ಬೇರೆ ಉದ್ದೇಶಕ್ಕೆ. 2002ರ ಜನವರಿಯಲ್ಲಿ ಸಹಿಯಾದ ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಕಾನೂನು, 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ, ಹೈಸ್ಕೂಲಿನಲ್ಲಿ ಒಂದು ಸಲ, ಓದು ಮತ್ತು ಗಣಿತದ ಪರೀಕ್ಷೆ ಆಗಲೇಬೇಕು ಎಂದಿತು. 2014ರ ಹೊತ್ತಿಗೆ ಎಲ್ಲ ಮಕ್ಕಳೂ, ನೂರಕ್ಕೆ ನೂರು, ಪ್ರೊಫಿಷಿಯೆಂಟ್ ಆಗಬೇಕು, ಅಂದರೆ ನಿಗದಿತ ಮಟ್ಟ ಮುಟ್ಟಬೇಕು ಎಂದೂ ಇತ್ತು. ಅದು ಆಗುವ ಮಾತಲ್ಲ ಎಂದು ಬರೆದವರಿಗೂ ಗೊತ್ತಿದ್ದಿರಬೇಕು. 2015ರ ಡಿಸೆಂಬರ್‌ನಲ್ಲಿ ಅದರ ಬದಲಿಗೆ ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಕಾನೂನು ಬಂತು. ಪರೀಕ್ಷೆ ಉಳಿಯಿತು, ಗುರಿ ಮುಟ್ಟದ ಶಾಲೆಗಳಿಗೆ ಶಿಕ್ಷೆ ಕಡಿಮೆಯಾಯಿತು. ನೆಬ್ರಾಸ್ಕಾ ಈ ವಿಷಯದಲ್ಲಿ ಸ್ವಲ್ಪ ಹಠಮಾರಿ ರಾಜ್ಯ. ಒಂದೊಂದು ಡಿಸ್ಟ್ರಿಕ್ಟ್ ತನ್ನದೇ ಮೌಲ್ಯಮಾಪನ ಮಾಡಿಕೊಳ್ಳುವ ಪದ್ಧತಿಯನ್ನು ಅದು ಬಹಳ ಕಾಲ ಉಳಿಸಿಕೊಂಡಿತ್ತು. ಇಡೀ ರಾಜ್ಯಕ್ಕೆ ಒಂದೇ ಪರೀಕ್ಷೆ ಎಂಬ ಕಾನೂನು ಅಲ್ಲಿ ಬಂದದ್ದು 2008ರಲ್ಲಿ. ಈಗ 3ರಿಂದ 8ರವರೆಗೆ ಎನ್‌ಎಸ್‌ಸಿಎಎಸ್ ಎಂಬ ಪರೀಕ್ಷೆ, 11ನೇ ತರಗತಿಯಲ್ಲಿ ಎಸಿಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆ.

ಇಡೀ ವ್ಯವಸ್ಥೆಯನ್ನು ದೊಡ್ಡ ಊರುಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಲಾಗಿದೆ. ಉದಾಹರಣೆಗೆ, ಶೇ 95 ಮಕ್ಕಳು ಪರೀಕ್ಷೆ ಬರೆಯಲೇಬೇಕು ಎಂಬ ನಿಯಮವಿದೆ. 14 ಮಕ್ಕಳ ತರಗತಿಯಲ್ಲಿ ಒಂದೇ ಒಂದು ಮಗು ಬಾರದಿದ್ದರೆ ಹಾಜರಿ ಶೇ 93ಕ್ಕೆ ಇಳಿಯಿತು! ನೆಬ್ರಾಸ್ಕಾದಲ್ಲಿ ಸುಮಾರು 240 ಡಿಸ್ಟ್ರಿಕ್ಟ್‌ಗಳಿವೆ. ಅದರ ಹತ್ತು ಪಟ್ಟಿಗೂ ಜಾಸ್ತಿ ಜನ ಇರುವ ಫ್ಲಾರಿಡಾದಲ್ಲಿ ಕೌಂಟಿಗೊಂದರಂತೆ 67. ಈ ಎರಡೂ ಕಡೆ "ಡಿಸ್ಟ್ರಿಕ್ಟ್" ಅಂದಾಗ ಒಂದೇ ಗಾತ್ರದ ವಸ್ತುವಿನ ಬಗ್ಗೆ ಮಾತಾಡುತ್ತಿಲ್ಲ.

ಇನ್ನು ಆ 4 ಮತ್ತು 9. ಇಂಥ ರೇಟಿಂಗ್‌ಗಳು ಸಾಮಾನ್ಯವಾಗಿ ಆಯಾ ರಾಜ್ಯದ ಪರೀಕ್ಷೆಯನ್ನು ನಂಬಿ, ಅದೇ ರಾಜ್ಯದ ಬೇರೆ ಶಾಲೆಗಳ ಜೊತೆ ಹೋಲಿಸಿ ಕೊಡುವ ಅಂಕ. ನ್ಯೂಜೆರ್ಸಿಯ ಪರೀಕ್ಷೆ ಬೇರೆ, ನೆಬ್ರಾಸ್ಕಾದ್ದು ಬೇರೆ. ಪಾಸಿನ ಗೆರೆ ಎಲ್ಲಿ ಎಳೆಯಬೇಕು ಎಂದು ತೀರ್ಮಾನಿಸುವವರೂ ಬೇರೆ. ಆ ಗೆರೆಗೆ ಕಟ್ ಸ್ಕೋರ್ ಅನ್ನುತ್ತಾರೆ. ಅದು ಜಾಗ ಬದಲಾಯಿಸುತ್ತಲೇ ಇರುತ್ತದೆ. ವಿಸ್ಕಾನ್ಸಿನ್ 2024ರಲ್ಲಿ ಗೆರೆಯನ್ನೂ ಮಟ್ಟಗಳ ಹೆಸರನ್ನೂ ಬದಲಾಯಿಸಿತು. ಹಿಂದಿನ ವರ್ಷದ ಜೊತೆ ಹೋಲಿಸಬೇಡಿ ಎಂದು ಅಲ್ಲಿನ ಇಲಾಖೆಯೇ ಹೇಳಬೇಕಾಯಿತು. ಇಡೀ ದೇಶಕ್ಕೆ ಒಂದೇ ಅಳತೆ ಅಂದರೆ ನೇಪ್ ಪರೀಕ್ಷೆ. 1969ರಿಂದ ನಡೆಯುತ್ತಿದೆ. ಆದರೆ ಅದು ಮಾದರಿ ಆರಿಸಿ ನಡೆಸುವ ಪರೀಕ್ಷೆ. ರಾಜ್ಯದ ಅಂಕಿ ಕೊಡುತ್ತದೆ, ಕೆಲವು ಮಹಾನಗರಗಳ ಅಂಕಿ ಕೊಡುತ್ತದೆ. ನಿಮ್ಮ ಪುಟ್ಟ ಊರಿನ ಅಂಕಿ ಕೊಡುವುದಿಲ್ಲ.

ಎರಡು ರಾಜ್ಯಗಳ ಊರುಗಳನ್ನು ಹೋಲಿಸಲೇಬೇಕು ಅಂದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಜುಕೇಷನಲ್ ಆಪರ್ಚುನಿಟಿ ಪ್ರಾಜೆಕ್ಟ್ ನೋಡಿ. ಶಾನ್ ರಿಯರ್ಡನ್ ಮತ್ತು ಅವರ ತಂಡ ರಾಜ್ಯಗಳ ಪರೀಕ್ಷೆಗಳನ್ನು ನೇಪ್ ಜೊತೆ ಜೋಡಿಸಿ ಹೆಚ್ಚುಕಡಿಮೆ ಎಲ್ಲ ಡಿಸ್ಟ್ರಿಕ್ಟ್‌ಗಳನ್ನೂ ಒಂದೇ ಅಳತೆಗೆ ತಂದಿದ್ದಾರೆ. ಅಲ್ಲಿ ಮುಖ್ಯವಾಗಿ ಎರಡು ಅಂಕಿ ನೋಡಿ. ಒಂದು ಸರಾಸರಿ ಸ್ಕೋರ್. ಇನ್ನೊಂದು ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಕಲಿತರು ಅನ್ನುವ ವೇಗ. ಸರಾಸರಿ ಸ್ಕೋರ್ ಬಹುಮಟ್ಟಿಗೆ ಅಪ್ಪ ಅಮ್ಮಂದಿರ ಆದಾಯ ಮತ್ತು ಓದಿನ ನೆರಳು. ಶಾಲೆಗೆ ಕಾಲಿಡುವ ಮೊದಲೇ ಅರ್ಧ ಕಥೆ ಮುಗಿದಿರುತ್ತದೆ. ಕಲಿಕೆಯ ವೇಗಕ್ಕೆ ಆದಾಯದ ಜೊತೆ ಅಷ್ಟು ನಂಟಿಲ್ಲ. ಬಡ ಮಕ್ಕಳೇ ಹೆಚ್ಚಿರುವ ಶಿಕಾಗೋದಲ್ಲಿ 3ರಿಂದ 8ನೇ ತರಗತಿವರೆಗಿನ ಐದು ವರ್ಷಗಳಲ್ಲಿ ಮಕ್ಕಳು ಸುಮಾರು ಆರು ವರ್ಷದಷ್ಟು ಮುಂದೆ ಹೋಗಿದ್ದರು ಎಂದು 2017ರಲ್ಲಿ ರಿಯರ್ಡನ್ ತೋರಿಸಿದಾಗ ಬಹಳ ಜನ ಹುಬ್ಬೇರಿಸಿದರು. ಸರಾಸರಿಯನ್ನಷ್ಟೇ ನೋಡಿದವರಿಗೆ ಅದು ಕಾಣುತ್ತಲೇ ಇರಲಿಲ್ಲ. 10ಕ್ಕೆ 9 ಬಂದ ನಿಮ್ಮ ಈಗಿನ ಶಾಲೆಯ ಬಗ್ಗೆಯೂ ಇದೇ ಪ್ರಶ್ನೆ ಕೇಳಬಹುದು: ಆ 9ರಲ್ಲಿ ಶಾಲೆಯ ಪಾಲೆಷ್ಟು, ನಿಮ್ಮಂಥ ಮನೆಗಳ ಪಾಲೆಷ್ಟು?

ತೀರಾ ಸಣ್ಣ ಡಿಸ್ಟ್ರಿಕ್ಟ್‌ಗಳ ಅಂಕಿಯನ್ನು ಈ ತಂಡ ಸರಾಸರಿಯ ಕಡೆಗೆ ಸ್ವಲ್ಪ ಎಳೆದು ತೋರಿಸುತ್ತದೆ. ಓಲಾಟ ಜಾಸ್ತಿ ಇರುವ ಕಡೆ ಅದು ಸರಿಯಾದ ಎಚ್ಚರಿಕೆ. ಕೆಲವು ಊರುಗಳಿಗೆ ಅಂಕಿಯೇ ಇರುವುದಿಲ್ಲ. ಹಾಗಿದ್ದರೆ ರಾಜ್ಯದ ವೆಬ್‌ಸೈಟ್‌ಗೇ ಮರಳಬೇಕು, ಆದರೆ ಓದುವ ರೀತಿ ಬದಲಾಗಬೇಕು.

ಹೇಗೆ ಓದುವುದು? ಒಂದು ಹಾಳೆಯಲ್ಲಿ ವರ್ಷಗಳನ್ನು ಅಡ್ಡಕ್ಕೆ, ತರಗತಿಗಳನ್ನು ಉದ್ದಕ್ಕೆ ಬರೆದುಕೊಳ್ಳಿ. ಎಲ್ಲರೂ ಅಡ್ಡಕ್ಕೆ ಓದುತ್ತಾರೆ: 3ನೇ ತರಗತಿ, ಹೋದ ವರ್ಷ, ಈ ವರ್ಷ. ನೀವು ಓರೆಯಾಗಿ ಓದಿ. ಮೂರು ವರ್ಷದ ಹಿಂದಿನ 3ನೇ ತರಗತಿ, ಎರಡು ವರ್ಷದ ಹಿಂದಿನ 4, ಹೋದ ವರ್ಷದ 5. ಇದು ಬಹುಮಟ್ಟಿಗೆ ಅದೇ ಮಕ್ಕಳ ಸಾಲು. ಆ ಮಕ್ಕಳು ಮೇಲೆ ಹೋಗುತ್ತಿದ್ದಾರೋ, ಅಲ್ಲೇ ಇದ್ದಾರೋ, ಜಾರುತ್ತಿದ್ದಾರೋ ನೋಡಿ. ಶೇಕಡಾವಾರು ಬದಲು ಸರಾಸರಿ ಸ್ಕೇಲ್ ಸ್ಕೋರ್, ಅಂದರೆ ಮಕ್ಕಳು ಪಡೆದ ಅಂಕಗಳ ಸರಾಸರಿ ಸಿಕ್ಕರೆ ಅದನ್ನೇ ಹಿಡಿಯಿರಿ. ಯಾಕೆಂದರೆ ಶೇಕಡಾ ಅಂಕಿ ಗೆರೆಯ ಆಸುಪಾಸಿನ ಮಕ್ಕಳನ್ನು ಮಾತ್ರ ನೋಡುತ್ತದೆ. ಗೆರೆಗಿಂತ ಒಂದೇ ಅಂಕ ಕೆಳಗಿದ್ದವನು ಮೇಲೆ ಬಂದರೆ 7 ಅಂಶ ಏರುತ್ತದೆ. ತೀರಾ ಕೆಳಗಿದ್ದವನು ಎಷ್ಟೇ ಕಷ್ಟಪಟ್ಟು ಅರ್ಧ ದಾರಿ ಹತ್ತಿದರೂ ಅಂಕಿ ಅಲುಗಾಡುವುದಿಲ್ಲ. ಮೇಲಿರುವ ಜಾಣ ಮಗು ಇಡೀ ವರ್ಷ ಸುಮ್ನೆ ಕೂತಿದ್ದರೂ ಅಲುಗಾಡುವುದಿಲ್ಲ. ಗೆರೆಯ ಹತ್ತಿರ ಇರುವವರಿಗೆ ಶಾಲೆಗಳಲ್ಲಿ "ಬಬಲ್ ಕಿಡ್ಸ್" ಎಂಬ ಹೆಸರೇ ಇದೆ. ಅಂಕಿ ಏರಿಸುವ ಒತ್ತಡ ಬಿದ್ದಾಗ ಕೆಲವು ಶಾಲೆಗಳು ಬೇರೆಯವರನ್ನು ಬಿಟ್ಟು ಇವರಿಗಷ್ಟೇ ಪಾಠ ಮಾಡಿದ್ದೂ ಉಂಟು. ನಿಮ್ಮ ಮಗಳು ಗೆರೆಗಿಂತ ತುಂಬಾ ಮೇಲಿದ್ದರೆ ಈ ಶೇಕಡಾ ಅಂಕಿ ಅವಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಜೊತೆಗೆ ವರ್ಷಗಳನ್ನು ಕೂಡಿಸಿ. ಮೂರು ವರ್ಷ ಸೇರಿಸಿದರೆ 42 ಮಕ್ಕಳು. ಓಲಾಟ 13ರಿಂದ ಏಳೂವರೆಗೆ ಇಳಿಯುತ್ತದೆ. ಇನ್ನೂ ಕಡಿಮೆ ಅಲ್ಲ, ಆದರೆ ಮಾತಾಡಬಹುದಾದಷ್ಟು ಗಟ್ಟಿ. ಕೋವಿಡ್ ವರ್ಷಗಳನ್ನು ಬಿಟ್ಟುಬಿಡಿ. 2020ರ ವಸಂತದಲ್ಲಿ ಪರೀಕ್ಷೆಯೇ ಆಗಲಿಲ್ಲ, 2021ರಲ್ಲಿ ಅನೇಕ ಕಡೆ ಬರೆದವರೇ ಕಡಿಮೆ. ಆಮೇಲೆ ದೇಶದ ಎಲ್ಲ ಕಡೆಯೂ ಗಣಿತ ಇಳಿಯಿತು. 8ನೇ ತರಗತಿಯ ನೇಪ್ ಗಣಿತ 2019ರಿಂದ 2022ಕ್ಕೆ 282ರಿಂದ 274ಕ್ಕೆ ಬಿತ್ತು. ಆ ಕುಸಿತಕ್ಕೆ ನಿಮ್ಮ ಪುಟ್ಟ ಊರನ್ನು ದೂರುವಂತಿಲ್ಲ.

ಹಾಗಾದರೆ ಯಾವಾಗ ಚಿಂತೆ ಮಾಡಬೇಕು? ಓರೆಯಾಗಿ ಓದಿದಾಗ ಪ್ರತಿ ಗುಂಪೂ ಒಂದೇ ತರಗತಿಯಲ್ಲಿ ಎಡವುತ್ತಿದ್ದರೆ ಚಿಂತೆ ಮಾಡಿ. ಉದಾಹರಣೆಗೆ 5ರವರೆಗೆ ಚೆನ್ನಾಗಿದ್ದು, 6ಕ್ಕೆ ಬಂದೊಡನೆ ಎಲ್ಲ ಗುಂಪಿನ ಗಣಿತವೂ ಜಾರುತ್ತದೆ ಅಂದರೆ ಅದು ಮಕ್ಕಳ ಗುಣ ಅಲ್ಲ. ಸಣ್ಣ ಡಿಸ್ಟ್ರಿಕ್ಟ್‌ನಲ್ಲಿ 6ರಿಂದ 8ರವರೆಗೆ ಗಣಿತಕ್ಕೆ ಹೆಚ್ಚಾಗಿ ಒಬ್ಬರೇ ಟೀಚರ್. ಅವರು ಚೆನ್ನಾಗಿದ್ದರೆ ಮೂರೂ ತರಗತಿ ಚೆನ್ನ. ಅವರು ಬಿಟ್ಟುಹೋಗಿ, ಬದಲಿಗೆ ಯಾರೂ ಸಿಗದೆ ಪಿ.ಇ. (ವ್ಯಾಯಾಮದ) ಮೇಷ್ಟ್ರು ಗಣಿತ ಹೇಳುತ್ತಿದ್ದರೆ ಮೂರೂ ತರಗತಿ ಹಾಳು. ದೊಡ್ಡ ಊರಿನಲ್ಲಿ ಒಬ್ಬರು ಹೋದರೆ ಐವರು ಉಳಿದಿರುತ್ತಾರೆ. ಹಳ್ಳಿ ಶಾಲೆಯ ನಿಜವಾದ ಅಪಾಯ ಇದು. ಪರೀಕ್ಷೆಯ ಅಂಕಿ ಇದನ್ನು ಒಂದು ವರ್ಷ ತಡವಾಗಿ ಹೇಳುತ್ತದೆ. ಫೋನ್ ಮಾಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಗೈರುಹಾಜರಿಯ ಅಂಕಿಯನ್ನೂ ನೋಡಿ. ಶೇ 10ರಷ್ಟು ದಿನ, ಅಂದರೆ 180 ದಿನಗಳಲ್ಲಿ 18 ದಿನ ತಪ್ಪಿಸಿಕೊಂಡ ಮಗುವನ್ನು ಕ್ರಾನಿಕ್ ಆಬ್ಸೆಂಟ್ ಎಂದು ಲೆಕ್ಕ ಹಾಕುತ್ತಾರೆ. ಇದು ಇಡೀ ಶಾಲೆಯ ಮಕ್ಕಳನ್ನು ಎಣಿಸುವುದರಿಂದ 14 ಮಕ್ಕಳ ಅಂಕಿಗಿಂತ ಎಷ್ಟೋ ಗಟ್ಟಿ. ವಾರಕ್ಕೆ ಎಷ್ಟು ದಿನ ಶಾಲೆ ಎಂದೂ ಕೇಳಿ. ಪಶ್ಚಿಮ ಮತ್ತು ಮಧ್ಯ ಅಮೆರಿಕದ ಅನೇಕ ಹಳ್ಳಿ ಡಿಸ್ಟ್ರಿಕ್ಟ್‌ಗಳು ನಾಲ್ಕೇ ದಿನಕ್ಕೆ ಇಳಿದಿವೆ. ಕಲಿಕೆಗೆ ಅದರಿಂದ ಸ್ವಲ್ಪ ಪೆಟ್ಟು ಬೀಳುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ನೀವಿಬ್ಬರೂ ಕೆಲಸಕ್ಕೆ ಹೋಗುವವರಾದರೆ ಶುಕ್ರವಾರ ಮಕ್ಕಳು ಎಲ್ಲಿ ಅನ್ನುವುದೇ ಅದಕ್ಕಿಂತ ದೊಡ್ಡ ತಲೆನೋವು.

ಒಂದು ಮಾತು, ದಯವಿಟ್ಟು ತಪ್ಪು ತಿಳಿಯಬೇಡಿ. ಊರಿಗೆ ಹೋದ ಮೇಲೆ ಈ ಶೇ 43ರ ಬಗ್ಗೆ ಟೀಚರ್ ಹತ್ತಿರ ಕೆದಕಬೇಡಿ. ಮಕ್ಕಳ ಸಂಖ್ಯೆ ತೀರಾ ಕಡಿಮೆ ಇದ್ದಾಗ ರಾಜ್ಯಗಳು ಅಂಕಿಯನ್ನು ಮುಚ್ಚಿಡುತ್ತವೆ. ಚುಕ್ಕೆಯೋ ನಕ್ಷತ್ರವೋ ಹಾಕಿರುತ್ತಾರೆ. ಅದು ಕೆಟ್ಟ ಸುದ್ದಿ ಅಡಗಿಸಲು ಅಲ್ಲ, ಮಕ್ಕಳ ಗುಟ್ಟು ಕಾಯಲು. 14 ಮಕ್ಕಳ ತರಗತಿಯಲ್ಲಿ ಎಂಟು ಮಕ್ಕಳು ದಾಟಲಿಲ್ಲ ಅಂದರೆ ಆ ಎಂಟು ಯಾರು ಎಂದು ಊರಿಗೇ ಗೊತ್ತು. ಅವರಲ್ಲೊಬ್ಬನ ಅಮ್ಮ ನಿಮ್ಮ ಮನೆಯವರ ಜೊತೆ ಆಸ್ಪತ್ರೆಯಲ್ಲಿ ನರ್ಸ್ ಆಗಿರಬಹುದು.

ಮಗಳ ವಿಷಯದಲ್ಲಿ ನಾನು ಮಾಡುವುದಿಷ್ಟು. ಸೇರಿಸುವಾಗ ನ್ಯೂಜೆರ್ಸಿ ಪರೀಕ್ಷೆಯ ವೈಯಕ್ತಿಕ ವರದಿ ಕೊಡಿ. ಶಾಲೆಯಲ್ಲಿ ವರ್ಷದಲ್ಲಿ ಎರಡು ಮೂರು ಸಲ ನಡೆಯುವ ಮ್ಯಾಪ್ ಥರದ ಪರೀಕ್ಷೆ ಇದೆಯೇ ಎಂದು ಕೇಳಿ. ಅದರಲ್ಲಿ ಸೆಪ್ಟೆಂಬರ್‌ನಿಂದ ಮೇವರೆಗೆ ಅವಳು ಎಷ್ಟು ಬೆಳೆದಳು ಅನ್ನುವುದೇ ನಿಮಗೆ ಬೇಕಾದ ಅಂಕಿ. ಅಲ್ಲೂ ಮೂರು ಅಂಕ ಅತ್ತಿತ್ತ ಆದರೆ ತಲೆ ಕೆಡಿಸಿಕೊಳ್ಳಬೇಡಿ, ಆ ಪರೀಕ್ಷೆಯ ಓಲಾಟವೇ ಅಷ್ಟು. ಇನ್ನೊಂದು ಸಣ್ಣ ವಿಷಯ. ದಾಖಲಾತಿಯ ಫಾರ್ಮಿನಲ್ಲಿ ಮನೆಯ ಭಾಷೆ ಯಾವುದು ಎಂದು ಕೇಳುತ್ತಾರೆ. ಕನ್ನಡ ಎಂದು ಧೈರ್ಯವಾಗಿ ಬರೆಯಿರಿ. ಬರೆದೊಡನೆ ಇಂಗ್ಲಿಷ್ ಬರುತ್ತದೆಯೇ ಎಂದು ಒಂದು ಚಿಕ್ಕ ಪರೀಕ್ಷೆ ಮಾಡುತ್ತಾರೆ. ಅದು ಕಾನೂನಿನ ಕಟ್ಟಳೆ, ಅವಮಾನ ಅಲ್ಲ. ಅದನ್ನು ತಪ್ಪಿಸಲು "ಇಂಗ್ಲಿಷ್" ಎಂದು ಬರೆಯುವವರನ್ನು ಬಹಳ ನೋಡಿದ್ದೇನೆ. ಹಾಗೆ ಮಾಡುವ ಅಗತ್ಯವಿಲ್ಲ. ಅಂದ ಹಾಗೆ, ಅವಳು ಸೇರಿದ ಮೇಲೆ ತರಗತಿಯಲ್ಲಿ 15 ಮಕ್ಕಳಾಗುತ್ತಾರೆ. ಅವಳೊಬ್ಬಳೇ ಆ ಶೇಕಡಾ ಅಂಕಿಯ ಸುಮಾರು 7 ಅಂಶ!

ಈಗ ಮಗನ ವಿಷಯ. 8ರಿಂದ 10ನೇ ತರಗತಿ, ಅವನು ಅಲ್ಲಿರುವುದು ಹೈಸ್ಕೂಲಿನ ಬುಡ ಕಟ್ಟುವ ಸಮಯ. ಇಲ್ಲಿ 3ನೇ ತರಗತಿಯ ಅಂಕಿಗಿಂತ ಕೋರ್ಸ್ ಪಟ್ಟಿ ಮುಖ್ಯ. 8ನೇ ತರಗತಿಯಲ್ಲಿ ಆಲ್ಜೀಬ್ರಾ ಇದೆಯೇ? ನ್ಯೂಜೆರ್ಸಿಯಲ್ಲಿ ಈಗಾಗಲೇ ಆ ದಾರಿಯಲ್ಲಿದ್ದರೆ, ಹೊಸ ಊರಿನಲ್ಲಿ ಅದು ಇಲ್ಲದಿದ್ದರೆ, ಅವನು ಒಂದು ವರ್ಷ ಸುಮ್ಮನೆ ಕೂರಬೇಕಾಗುತ್ತದೆ. 12ನೇ ತರಗತಿಯವರೆಗೆ ಕ್ಯಾಲ್ಕುಲಸ್ ಮುಟ್ಟುವ ದಾರಿ ಇದೆಯೇ? ಫಿಸಿಕ್ಸ್ ಪ್ರತಿ ವರ್ಷವೋ, ವರ್ಷ ಬಿಟ್ಟು ವರ್ಷವೋ? ಇಡೀ ಹೈಸ್ಕೂಲಿನಲ್ಲಿ 60 ಮಕ್ಕಳಿದ್ದಾಗ ಎಲ್ಲ ಕೋರ್ಸ್‌ಗಳನ್ನೂ ಪ್ರತಿ ವರ್ಷ ನಡೆಸುವುದು ಕಷ್ಟ.

ಇದಕ್ಕೆ ಆ ಊರುಗಳು ತಮ್ಮದೇ ದಾರಿ ಕಂಡುಕೊಂಡಿವೆ. ಹತ್ತಿರದ ಕಮ್ಯುನಿಟಿ ಕಾಲೇಜಿನ ಜೊತೆ ಡ್ಯುಯಲ್ ಕ್ರೆಡಿಟ್ ವ್ಯವಸ್ಥೆ ಇರುತ್ತದೆ. ಅದರಲ್ಲಿ ಹೈಸ್ಕೂಲಿನಲ್ಲೇ ಕಾಲೇಜಿನ ಕ್ರೆಡಿಟ್ ಸಿಗುತ್ತದೆ. ನೆಬ್ರಾಸ್ಕಾ ವಿಶ್ವವಿದ್ಯಾಲಯ 1929ರಲ್ಲೇ ಹಳ್ಳಿ ಮಕ್ಕಳಿಗಾಗಿ ಅಂಚೆ ಮೂಲಕ ಹೈಸ್ಕೂಲ್ ಪಾಠ ಶುರು ಮಾಡಿತ್ತು. ಅದು ಈಗಲೂ ಆನ್‌ಲೈನ್ ಹೈಸ್ಕೂಲ್ ಆಗಿ ನಡೆಯುತ್ತಿದೆ. ಜೊತೆಗೆ 1965ರಲ್ಲಿ ಹುಟ್ಟಿದ ಇಎಸ್‌ಯು ಎಂಬ ಪ್ರಾದೇಶಿಕ ಘಟಕಗಳಿವೆ. ಒಂದೊಂದೇ ಡಿಸ್ಟ್ರಿಕ್ಟ್‌ಗೆ ಇಟ್ಟುಕೊಳ್ಳಲಾಗದ ಸ್ಪೀಚ್ ಥೆರಪಿಸ್ಟ್, ಟೀಚರ್ ತರಬೇತಿ ಇಂಥದ್ದನ್ನೆಲ್ಲ ಅವು ಹಂಚಿ ಕೊಡುತ್ತವೆ. ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಎಪಿ ಕೋರ್ಸ್ ಇಲ್ಲ ಎಂದು ಕಾಲೇಜಿನವರು ಮಗುವನ್ನು ದೂರುವುದಿಲ್ಲ. ಅರ್ಜಿಯ ಜೊತೆ, ಶಾಲೆಯಲ್ಲಿ ಏನೇನು ಕಲಿಸುತ್ತಾರೆ ಎಂದು ಹೇಳುವ ಶಾಲೆಯ ಪ್ರೊಫೈಲ್ ಹೋಗುತ್ತದೆ. ಇದ್ದದ್ದರಲ್ಲಿ ಏನು ತೆಗೆದುಕೊಂಡ ಎಂದು ನೋಡುತ್ತಾರೆ. ಹೈಸ್ಕೂಲಿನ ಎಸಿಟಿ ಸರಾಸರಿ ನೋಡಿಯೂ ಬೆಚ್ಚಬೇಡಿ. ನೆಬ್ರಾಸ್ಕಾದಲ್ಲಿ 11ನೇ ತರಗತಿಯ ಎಲ್ಲರೂ ಅದನ್ನು ಬರೆಯುತ್ತಾರೆ, ಕಾಲೇಜಿಗೆ ಹೋಗದವರೂ. ಇಷ್ಟವಿದ್ದವರು ಮಾತ್ರ ಬರೆಯುವ ರಾಜ್ಯಗಳ ಸರಾಸರಿ ಸಹಜವಾಗಿಯೇ ಮೇಲಿರುತ್ತದೆ.

ಸಣ್ಣ ಶಾಲೆಯಲ್ಲಿ ಎಲ್ಲರೂ ಎಲ್ಲಕ್ಕೂ ಬೇಕು. ಬ್ಯಾಂಡ್‌ಗೂ ಅವನೇ, ನಾಟಕಕ್ಕೂ ಅವನೇ, ಟ್ರ್ಯಾಕ್ ತಂಡಕ್ಕೂ ಅವನೇ. 11 ಜನ ಸಿಗದ ಶಾಲೆಗಳಿಗಾಗಿ ಆರು ಜನರ ಫುಟ್‌ಬಾಲ್ ಹುಟ್ಟಿದ್ದೇ ನೆಬ್ರಾಸ್ಕಾದಲ್ಲಿ, 1934ರಲ್ಲಿ. ದೊಡ್ಡ ಶಾಲೆಯ ಬೆಂಚಿನಲ್ಲಿ ಕೂರುವ ಹುಡುಗ ಇಲ್ಲಿ ಮೈದಾನದಲ್ಲಿರುತ್ತಾನೆ. ನಾಚಿಕೆ ಸ್ವಭಾವದ ಹುಡುಗನಾದರೆ ಇದು ದೊಡ್ಡ ಲಾಭ. ಸುಮ್ನೆ ಮೂಲೆಯಲ್ಲಿರಲು ಇಷ್ಟಪಡುವವನಾದರೆ ಸ್ವಲ್ಪ ಕಷ್ಟ!

ಮುಂದಿನ ವಾರ ಡಿಸ್ಟ್ರಿಕ್ಟ್ ಶಾಲೆಗಳ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್‌ಗೆ ಫೋನ್ ಮಾಡಿ. ಅಷ್ಟು ಸಣ್ಣ ಡಿಸ್ಟ್ರಿಕ್ಟ್‌ನಲ್ಲಿ ಫೋನ್ ಅವರೇ ಎತ್ತಿದರೂ ಆಶ್ಚರ್ಯವಿಲ್ಲ. 7ರಿಂದ 12ರವರೆಗೆ ಗಣಿತ ಹೇಳುವವರು ಯಾರು, ಎಷ್ಟು ವರ್ಷದಿಂದ ಇದ್ದಾರೆ, ಮುಂದಿನ ವರ್ಷವೂ ಇರುತ್ತಾರೆಯೇ ಎಂದು ಕೇಳಿ. ಹೋದ ನಾಲ್ಕು ವರ್ಷದಲ್ಲಿ ಕ್ಯಾಲ್ಕುಲಸ್ ತೆಗೆದುಕೊಂಡವರು ಎಷ್ಟು ಎಂದು ಕೇಳಿ. ಉತ್ತರ ಸಮಾಧಾನ ಕೊಡದಿದ್ದರೂ ಸಂಸಾರ ಹಂಚುವ ಮೊದಲು ಇನ್ನೊಂದು ದಾರಿ ಇದೆ. ನೆಬ್ರಾಸ್ಕಾದಲ್ಲಿ ಆಪ್ಷನ್ ಎನ್‌ರೋಲ್‌ಮೆಂಟ್ ಎಂಬ ಕಾನೂನಿನ ಪ್ರಕಾರ ಒಂದು ಊರಿನಲ್ಲಿದ್ದುಕೊಂಡೇ ಪಕ್ಕದ ಡಿಸ್ಟ್ರಿಕ್ಟ್‌ಗೆ ಮಗುವನ್ನು ಸೇರಿಸಲು ಅರ್ಜಿ ಹಾಕಬಹುದು. ಜಾಗ ಇಲ್ಲ ಎಂದು ಅವರು ನಿರಾಕರಿಸಲೂಬಹುದು, ಹಾಗಾಗಿ ಬೇಗ ಹಾಕಬೇಕು. ಮಗನನ್ನು ಪಕ್ಕದ ಊರಿಗೆ, ಮಗಳನ್ನು ಇದೇ ಊರಿಗೆ ಸೇರಿಸುವುದೂ ಸಾಧ್ಯ. ದಿನಾ ಬೆಳಿಗ್ಗೆ ಎಷ್ಟು ಮೈಲಿ ಕಾರು ಓಡಿಸಬೇಕಾಗುತ್ತದೆ ಎಂದು ಮಾತ್ರ ಮನೆ ಬಾಡಿಗೆಗೆ ಹಿಡಿಯುವ ಮೊದಲೇ ನೋಡಿಕೊಳ್ಳಿ.